ಮೊಟ್ಟೆ ತೂಕದ ಚಾಕು

ಚಾಕು ಮನೆಗೆ ಬಂದ ಸೋಮವಾರವೇ ಅವ್ವ ತೀರ್ಪು ಕೊಟ್ಟಿದ್ದಳು. "ಚಾಕು ಜೇಬಲ್ಲಿ ಮಡಿಕ್ಕಂಡು ತಿರುಗೋರು ರೌಡಿಗಳು ಕಣಪ್ಪ. ನಮ್ಮನೇಲಿ ಅದೆಲ್ಲ ಬ್ಯಾಡ."

ನಾನು ಸೋಮನಹಳ್ಳಿಯ ಒಂದು ಸಣ್ಣ ಕಾರ್ಖಾನೆಯ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಪೆಟ್ಟಿಗೆಗಳ ಪ್ಲಾಸ್ಟಿಕ್ ಪಟ್ಟಿ ಕತ್ತರಿಸುವುದು, ಟೇಪು ಸೀಳುವುದು. ಅಲ್ಲಿರುವ ಒಂದೇ ಕತ್ತರಿ ಯಾವಾಗಲೂ ಬೇರೆಯವರ ಕೈಯಲ್ಲಿರುತ್ತದೆ. ಅದಕ್ಕೇ ಮಡಚುವ ಚಾಕು ತರಿಸಿದ್ದು. ಎಷ್ಟು ಹೇಳಿದರೂ ಅವ್ವ ಜಗ್ಗಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿದಳು. ಶನಿವಾರ ನೆಂಟರೆಲ್ಲ ಸೇರಿ ಮುತ್ತತ್ತಿಗೆ ಹೋಗಿ, ಆಂಜನೇಯನಿಗೆ ಪೂಜೆ ಮಾಡಿಸಿ, ಹೊಳೆ ದಡದಲ್ಲಿ ಅಡುಗೆ ಮಾಡುವುದೆಂದು ಮಾತಾಗಿತ್ತು. ಅವ್ವ ಈಳಿಗೆಮಣೆಯನ್ನು ಮನೆಯಲ್ಲೇ ಬಿಟ್ಟು ಬರುತ್ತಾಳೆ. ಅಷ್ಟೂ ಜನರ ಅಡುಗೆಗೆ ನನ್ನ ಚಾಕು ತರಕಾರಿ ಹೆಚ್ಚಿಕೊಟ್ಟರೆ ಅದು ಜೇಬಿನಲ್ಲಿರಬಹುದು. ಇಲ್ಲದಿದ್ದರೆ ಬಂದ ಡಬ್ಬಿಯಲ್ಲೇ ವಾಪಸ್ಸು.

ನನಗೆ ದಿನಚರಿ ಬರೆಯುವ ಅಭ್ಯಾಸ. ಆ ವಾರವೆಲ್ಲ ಬರೆದದ್ದು ಚಾಕುವಿನ ಸಂಗತಿಯೇ. ಸೋಮವಾರ: ದಿನಸಿ ಅಂಗಡಿಯ ತಕ್ಕಡಿಯಲ್ಲಿ ಅರವತ್ತು ಗ್ರಾಂ, ಹೆಚ್ಚುಕಡಿಮೆ ಒಂದು ಕೋಳಿಮೊಟ್ಟೆ. ಮಂಗಳವಾರ: ಹೆಬ್ಬೆರಳೊಂದರಲ್ಲೇ ಅಲಗು ತೆರೆಯುತ್ತದೆ, ತೆರೆದ ಮೇಲೆ ಲಾಕು ಅಲುಗಾಡುವುದಿಲ್ಲ. ಬುಧವಾರ: ಪೆಟ್ಟಿಗೆ ಹದಿನೇಳು, ಪರಂಗಿಹಣ್ಣು ಒಂದು, ಗಾಯ ಇಲ್ಲ. ಜೇಬಿನಲ್ಲಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳಬೇಕು, ಅಷ್ಟು ಹಗುರ.

ಗುರುವಾರ ಸಂಜೆ ಭಾರತೀನಗರದಲ್ಲಿ ಬಸ್ಸಿಗೆ ಕಾಯುವಾಗ ಗೆಳೆಯನಿಗೆ ತೋರಿಸಿದೆ. ಅವನು ತಿರುಗಿಸಿ ಮುರುಗಿಸಿ ನೋಡಿ, "ಕಬ್ಬು ಕುಯ್ತದೇನ್ಲಾ?" ಅಂದ.

"ಇದು ಅದಕ್ಕಲ್ಲ ಕಣ್ಲಾ."

"ಕಬ್ಬು ಕುಯ್ಯಕ್ಕಾಗ್ದಿದ್ ಮ್ಯಾಕೆ ಅದ್ಯಾವ್ ಸೀಮೆ ಚಾಕ್ಲಾ? ಪೆನ್ಸಿಲ್ ಚೂಪ್ ಮಾಡಕ್ಕಾ?"

ನಮ್ಮ ಕಡೆ ಚಾಕುವಿಗೆ ಬೇರೆ ಪರೀಕ್ಷೆಯೇ ಇಲ್ಲ. ಸಕ್ಕರೆ ಕಾರ್ಖಾನೆಗೆ ಹೋಗುತ್ತಿದ್ದ ಕಬ್ಬಿನ ಟ್ರಾಕ್ಟರು ರಸ್ತೆಯುಬ್ಬಿನ ಹತ್ತಿರ ನಿಧಾನವಾದಾಗ ಅವನು ಹಿಂದಿನಿಂದ ಒಂದು ಜಲ್ಲೆ ಎಳೆದುಕೊಂಡು ಬಂದ. ನಾನು ಸಿಪ್ಪೆ ಹೆರೆದೆ, ಗಿಣ್ಣು ಬಿಟ್ಟು ತುಂಡು ಮಾಡಿದೆ. ಅಲಗು ಸೋಲಲಿಲ್ಲ. ಇಬ್ಬರೂ ತಿಂದೆವು. ಅಲಗನ್ನು ಪ್ಯಾಂಟಿಗೆ ಒರೆಸಿ, ಮಡಚಿ ಜೇಬಿಗಿಟ್ಟೆ. ಶನಿವಾರದ ಕೆಲಸಕ್ಕೆ ಹರಿತ ಉಳಿಯಲಿ ಎಂದು ಶುಕ್ರವಾರ ಅದನ್ನು ಮುಟ್ಟಲೇ ಇಲ್ಲ.

ಮುತ್ತತ್ತಿಯಲ್ಲಿ ಪೂಜೆ ಮುಗಿಯಿತು. ಕಲ್ಲು ಹೂಡಿ ಒಲೆ ಹಚ್ಚಿದರು. ಅವ್ವ ಬದನೆಕಾಯಿ, ಈರುಳ್ಳಿ ತುಂಬಿದ ಮೊರವನ್ನು ನನ್ನ ಮುಂದೆ ತಳ್ಳಿ, "ಎಲ್ಲಪ್ಪಾ ನಿನ್ ಆಯುದ? ಈಚೆಗ್ ತಗಿ" ಅಂದಳು.

ತೆಗೆದೆ. ಅದರ ಜೊತೆ ಇರುವೆಗಳೂ ಬಂದವು. ಹೆಬ್ಬೆರಳಿಟ್ಟು ಒತ್ತಿದೆ, ಅಲಗು ಮಿಸುಕಲಿಲ್ಲ. ಎರಡೂ ಕೈ ಹಾಕಿ ಎಳೆದೆ. ಊಹೂಂ. ಕೀಲಿನೊಳಗೆ ಇಳಿದಿದ್ದ ಕಬ್ಬಿನ ರಸ ಒಣಗಿ, ಅಂಟಾಗಿ ಕಚ್ಚಿಕೊಂಡಿತ್ತು.

ಅಜ್ಜಿ ಬಗ್ಗಿ ನೋಡಿದಳು. "ಇರುವೆ ಸಾಕವ್ನೆ ಕಣಮ್ಮಿ ನಿನ್ ಮಗ."

"ಈಳಿಗೆಮಣೆ ಬುಟ್ ಬಂದು ಕೆಟ್ಟೆ" ಎನ್ನುತ್ತ ಅವ್ವ ಪಕ್ಕದ ಒಲೆಯವರ ಕಡೆ ನೋಡಿದಳು. ಅವಳು ಎದ್ದು ಹೋಗಿ ಚಾಕು ಕೇಳಿದರೆ ನನ್ನದು ಡಬ್ಬಿ ಸೇರಿದ ಹಾಗೆಯೇ. ನಾನು ನಮ್ಮ ಒಲೆಯತ್ತ ಓಡಿದೆ.

"ಮುದ್ದೆ ಎಸರ್ಗೆ ಆಕ್ಬುಟ್ಟೀಯ ಕಣ್ಲಾ!" ಅಜ್ಜಿ ಕೂಗಿದಳು.

ಲೋಟದಲ್ಲಿ ಬಿಸಿನೀರು ಮೊಗೆದು ಚಾಕುವನ್ನು ಅದರಲ್ಲಿ ಮುಳುಗಿಸಿದೆ. ಇನ್ನಷ್ಟು ಇರುವೆಗಳು ತೇಲಿದವು. ಎರಡನೇ ಲೋಟಕ್ಕೆ ಕೀಲು ಸಡಿಲಾಗಿ ಅಲಗು ಟಕ್ಕೆಂದು ಈಚೆ ಬಂತು.

ಬದನೆಕಾಯಿ ಸಲೀಸಾಗಿ ಹೋಳಾಯಿತು. ಈರುಳ್ಳಿಗೆ ಅಲಗು ಗಿಡ್ಡ. ದಪ್ಪನೆಯವನ್ನು ಎರಡು ಕಡೆಯಿಂದ ಕೊಯ್ಯಬೇಕು. ಹಿಡಿ ತೆಳ್ಳಗಿರುವುದರಿಂದ ಮುಗಿಯುವಷ್ಟರಲ್ಲಿ ಬೆರಳು ಜೋಮು ಹಿಡಿದಿದ್ದವು. ಈಳಿಗೆಮಣೆಯಲ್ಲಾದರೆ ಅವ್ವ ಇದರ ಅರ್ಧ ಹೊತ್ತಿನಲ್ಲಿ ಮುಗಿಸುತ್ತಿದ್ದಳು. ಆದರೂ ಮೊರ ಖಾಲಿಯಾಯಿತು, ಸಾರು ಒಲೆಗೇರಿತು.

ತೊಳೆದು ಒರೆಸಿದ ಚಾಕುವನ್ನು ಅವ್ವ ಇಸಕೊಂಡಳು. ಮಡಚಲು ಬರಲಿಲ್ಲ, ಲಾಕು ಒತ್ತುವುದನ್ನು ತೋರಿಸಿಕೊಟ್ಟೆ. ಮಡಚಿದಳು. ತೆರೆದಳು, ಟಕ್. ಮತ್ತೆ ಮಡಚಿದಳು.

"ಅಡ್ಗೆಗೆ ಆಗಕಿಲ್ಲ ಇದು" ಅಂದಳು. ಡಬ್ಬಿ ಎಲ್ಲಿಟ್ಟಿದ್ದೆ ಎಂದು ಯೋಚಿಸಿದೆ. "ನಿನ್ ಪೆಟ್ಗೆ ಕುಯ್ಯಕ್ಕೆ ಆಯ್ತದೆ. ಮಡಿಕ್ಕೋ. ಬಸ್ಸಲ್ಲಿ ಮಾತ್ರ ಯಾರ್ಗೂ ತೋರುಸ್ಬ್ಯಾಡ."

ನಾನು ಕೈ ಚಾಚಿದೆ.

"ತಡಿಯಪ್ಪ, ಇನ್ನೊಂದ್ ಕಿತ" ಎಂದು ಅವಳು ಅಲಗಿಗೆ ಹೆಬ್ಬೆರಳಿಟ್ಟಳು.