ಮೈಕಮ್ಮನಿಗೂ ಬಂತು

ಬಸ್ ನಿಲ್ದಾಣದಲ್ಲಿ ಅವಳ ಮುಖ ಕಂಡವರು ಕಡಿಮೆ, ಧ್ವನಿ ಕೇಳದವರಿಲ್ಲ. ಎರಡನೇ ಮಹಡಿಯ ಮೂಲೆಯಲ್ಲಿ, ಒಂದು ಕುರ್ಚಿ ಇಟ್ಟರೆ ಇನ್ನೊಂದಕ್ಕೆ ಜಾಗವಿಲ್ಲದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಹೊರಟಿದೆ, ಯಾವುದು ಕೆಟ್ಟು ನಿಂತಿದೆ, ಯಾರ ಮಗು ಯಾರ ಕೈ ಬಿಟ್ಟಿದೆ ಎಂದು ಕೂಗುವುದು ಅವಳ ಕೆಲಸ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೈಕಮ್ಮ. ಮನೆಯಲ್ಲಿ ಅವಳಿಗೆ ಮೈಕೂ ಬೇಕಿರಲಿಲ್ಲ. ಅಡುಗೆಮನೆಯಿಂದ 'ರೀ' ಎಂದರೆ ಆಚೆ ಮನೆ ಗಂಡಸೂ ಎದ್ದು ಬರುತ್ತಾನೆ ಎಂದು ಡಿಪೋದಲ್ಲಿ ಟೈರು ಬದಲಿಸುವ ಅವಳ ಗಂಡ ಗೆಳೆಯರ ಹತ್ತಿರ ಹೇಳಿಕೊಂಡು ನಗುತ್ತಿದ್ದ.

ಕೂತಲ್ಲಿ ಕೂರುವ ಜೀವ ಅದಲ್ಲ. ಎರಡು ಬಸ್ಸಿನ ನಡುವೆ ಸಿಗುವ ಬಿಡುವಿನಲ್ಲೂ ಮೆಟ್ಟಿಲಿಳಿದು ಕೆಳಗಿನ ಲಗೇಜು ಕೋಣೆಗೆ ಓಡುತ್ತಿದ್ದಳು. ಅಲ್ಲಿ ಅವಳ ಅಕ್ಕ, ಜನರ ಗಂಟುಮೂಟೆಗೆ ಚೀಟಿ ಕಟ್ಟಿ ಕಪಾಟಿಗೇರಿಸುತ್ತ ಇರುತ್ತಿದ್ದಳು. ಅವ್ವ ಕಣ್ಣು ಮುಚ್ಚಿದಾಗ ಮೈಕಮ್ಮನಿಗೆ ಜಡೆ ಹೆಣೆಯಲೂ ಬರುತ್ತಿರಲಿಲ್ಲ. ಹೆಣೆದವಳು, ಉಣ್ಣಿಸಿದವಳು, ಈ ಕೆಲಸಕ್ಕೆ ಕೈಹಿಡಿದು ತಂದವಳು ಇದೇ ಅಕ್ಕ. ಮಧ್ಯಾಹ್ನ ಇಬ್ಬರೂ ಲಗೇಜಿನ ಸಂದಿಯಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಉಣ್ಣುವುದು ಎಷ್ಟೋ ವರ್ಷದ ರೂಢಿ. ಅಕ್ಕನಿಗೆ ಉಬ್ಬಸ. ಧೂಳಿನ ಚೀಲವೊಂದು ಎತ್ತಿದರೆ ಸಾಕು, ಎದೆಯೊಳಗೆ ಸಿಳ್ಳೆ ಶುರುವಾಗುತ್ತಿತ್ತು.

ಕೊರೊನಾಕ್ಕೆ ಲಸಿಕೆ ಬಂದಾಗ ಮೈಕಮ್ಮನನ್ನು ಹಿಡಿಯುವವರೇ ಇರಲಿಲ್ಲ. ತಾನು ಎರಡೂ ಸೂಜಿ ಚುಚ್ಚಿಸಿಕೊಂಡು ಬಂದು, ಬಸ್ಸಿನ ಹೆಸರಿನ ಜೊತೆಗೆ ಲಸಿಕೆಯ ಗುಣಗಾನವನ್ನೂ ಮೈಕಿಗೆ ಸುರಿದಳು. ಚಾಲಕರು ಹೋದರು, ಕಸ ಗುಡಿಸುವವರು ಹೋದರು. ಅಕ್ಕ ಮಾತ್ರ ಜಪ್ಪಯ್ಯ ಎಂದರೂ ಜಗ್ಗಲಿಲ್ಲ.

"ಹಾಕಿಸ್ಕೊಂಡೋರಿಗೂ ಬರುತ್ತಂತೆ. ಬ್ಯಾಗ್ ಇಡೋಕೆ ಬಂದೋರು ಮಾತಾಡ್ಕೊತಿದ್ರು."

"ಅವರು ಹೇಳ್ತಾರೆ, ನೀನು ಕೇಳ್ತೀಯ! ನಂದು ಎರಡೂ ಆಗಿದೆ. ಹತ್ತಿರಾನೂ ಸುಳಿಯಲ್ಲ. ನಾನು ಗ್ಯಾರಂಟಿ."

ಗ್ಯಾರಂಟಿ ಕೊಡಲು ಇವಳ್ಯಾರು? ಸೂಜಿ ಚುಚ್ಚಿದ ನರ್ಸು ನೆಟ್ಟಗೆ ಹೇಳಿದ್ದಳು: "ಆಮೇಲೂ ಬರಬಹುದಮ್ಮ. ಬಂದ್ರೂ ಹೆಚ್ಚಿನವರಿಗೆ ಜೋರಾಗಲ್ಲ, ಆಸ್ಪತ್ರೆಗೆ ಹೋಗೋದು ಕಡಿಮೆ." ಬರಬಹುದು ಎನ್ನುವ ಮಾತು ಅಕ್ಕನ ಕಿವಿಗೆ ಬಿದ್ದರೆ ಮುಗಿಯಿತು ಎಂದು ಮೈಕಮ್ಮ ಅದನ್ನು ನುಂಗಿ ನೀರು ಕುಡಿದಿದ್ದಳು. ಕಾಡಿ ಬೇಡಿ ಕಡೆಗೂ ಒಪ್ಪಿಸಿದಳು. "ಸರಿ ಕಣೇ, ಶುಕ್ರವಾರ ಹೋಗೋಣ. ನಿನ್ನ ಕಾಟ ತಪ್ಪಿದ್ರೆ ಸಾಕು," ಎಂದಳು ಅಕ್ಕ.

ಗುರುವಾರ ಬೆಳಿಗ್ಗೆ ಮೈಕಮ್ಮನ ಗಂಟಲಲ್ಲಿ ಮುಳ್ಳಾಡಿಸಿದ ಹಾಗಾಯಿತು. ನಿಲ್ದಾಣದ ಬಾಗಿಲಲ್ಲೇ ಪರೀಕ್ಷೆಯ ಮೇಜಿತ್ತು. ಮೂಗಿಗೆ ಕಡ್ಡಿ ಹಾಕಿಸಿಕೊಂಡಳು. ಮೇಜಿನ ಹಿಂದಿದ್ದವನು ಪಾಸಿಟಿವ್ ಎಂದಾಗ ನಕ್ಕುಬಿಟ್ಟಳು. "ಬೇರೆ ಯಾರದ್ದೋ ಇರ್ಬೇಕು ನೋಡಿ. ನಂದು ಎರಡೂ ಆಗಿದೆ."

"ಆದ್ರೂ ಬರುತ್ತಮ್ಮ. ಮನೇಲಿ ಬೇರೆ ಕೋಣೇಲಿ ಇರಿ. ನಿನ್ನೆ ಮೊನ್ನೆ ಯಾರ ಜೊತೆ ಊಟ ಮಾಡಿದ್ರಿ, ಅವರಿಗೆ ತಿಳಿಸಿ."

ಮೈಕಮ್ಮ ಲಗೇಜು ಕೋಣೆಯ ಮುಂದೆ ಹಾಯದೆ ಹಿಂದಿನ ಗೇಟಿನಿಂದ ಮನೆ ಸೇರಿಕೊಂಡಳು.

ಒಳಕೋಣೆಯಲ್ಲಿ ಕಾಲು ಸುಟ್ಟ ಬೆಕ್ಕಿನ ಹಾಗೆ ತಿರುಗಿದಳು. ಮಂಚದಿಂದ ಕಿಟಕಿಗೆ, ಕಿಟಕಿಯಿಂದ ಬಾಗಿಲಿಗೆ. ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ಮಡಿಸಿದಳು. ನಿಲ್ದಾಣದ ಮೈಕು ಅಲ್ಲಿಯವರೆಗೂ ಕೇಳುತ್ತಿತ್ತು. ಟಿಕೆಟ್ ಕೌಂಟರಿನವನನ್ನು ಅವಳ ಜಾಗಕ್ಕೆ ಕೂರಿಸಿದ್ದರು. ಅವನು ಊರಿನ ಹೆಸರನ್ನೆಲ್ಲ ಅರ್ಧಕ್ಕೇ ನುಂಗುತ್ತಿದ್ದ, ಅದು ಬೇರೆ ಸಂಕಟ.

ಫೋನು ಬಂತು. "ಏನೇ, ಮೈಕಲ್ಲಿ ಯಾರೋ ಗೊಣಗ್ತಿದಾನೆ?"

"ಗಂಟಲು ಕಟ್ಟಿದೆ ಅಕ್ಕ. ತಣ್ಣೀರು ಕುಡಿದುಬಿಟ್ಟೆ."

"ನಾಳೆ ಬರ್ತೀಯ ತಾನೇ?"

"ಬರ್ತೀನಿ."

ಮಾತು ಆಡಿದರೆ ಹೋಯಿತು. ಫೋನಿಟ್ಟು ಮಂಚದ ತುದಿಗೆ ಕೂತಳು. ಹೇಳಿದರೆ ಅಕ್ಕ ಜನ್ಮದಲ್ಲಿ ಸೂಜಿಯ ಹತ್ತಿರ ಹೋಗುವುದಿಲ್ಲ. ಹೇಳದಿದ್ದರೆ? ನಿನ್ನೆಯ ಡಬ್ಬಿ, ಒಂದೇ ಲೋಟದ ನೀರು. ಆ ಸಿಳ್ಳೆ ಹೊಡೆಯುವ ಎದೆಯೊಳಗೆ ಇದು ಈಗಾಗಲೇ ಸೇರಿಕೊಂಡಿದ್ದರೆ? ಸಾಕಿದವಳಿಗೆ ಕೈಯಾರೆ ರೋಗ ಉಣ್ಣಿಸಿದೆನಲ್ಲ ಎಂದು ಅವಳಿಗೆ ಅಳು ಒತ್ತರಿಸಿ ಬಂತು.

ಸಂಜೆ ಗಂಡ ಬಾಗಿಲಾಚೆ ತಟ್ಟೆ ಇಟ್ಟು ಅಲ್ಲೇ ನಿಂತ. "ಹೇಳಿಬಿಡೇ."

"ಹೇಳಿದ್ರೆ ಮುಗೀತು. ಅವಳು ಹಾಕಿಸ್ಕೊಳ್ಳೋದೇ ಇಲ್ಲ."

"ಬಸ್ಸು ಬರಲ್ಲ ಅಂತ ಗೊತ್ತಾದ್ಮೇಲೆ ನೀನು ಯಾವತ್ತಾದ್ರೂ ಬಾಯಿ ಮುಚ್ಕೊಂಡು ಕೂತಿದ್ದೀಯ?"

ಕೂತಿರಲಿಲ್ಲ. ತಡ ಎಂದರೆ ಜನ ಬೈಯುತ್ತಾರೆ, ಸುಮ್ಮನಿದ್ದರೆ ಕಲ್ಲು ಹೊಡೆಯುತ್ತಾರೆ ಎಂದು ಹೊಸಬರಿಗೆಲ್ಲ ಪಾಠ ಹೇಳುತ್ತಿದ್ದವಳೇ ಅವಳು. ತಟ್ಟೆ ಮುಟ್ಟದೆ ಫೋನು ಹಚ್ಚಿದಳು.

"ಅಕ್ಕ, ನಂಗೆ ಬಂದಿದೆ."

ಅಕ್ಕ ಬಾಯಿ ತೆರೆಯುವ ಮೊದಲೇ ಉಳಿದದ್ದನ್ನೂ ಒಂದೇ ಉಸಿರಿಗೆ ಹೇಳಿದಳು.

"ಬರಬಹುದು ಅಂತ ನರ್ಸು ಆಗಲೇ ಹೇಳಿದ್ಲು. ನಾನೇ ನಿಂಗೆ ಮುಚ್ಚಿಟ್ಟೆ. ನಾಳೆ ಸೂಜಿಗೆ ಹೋಗ್ಬೇಡ, ಮೊದಲು ಪರೀಕ್ಷೆ ಮಾಡಿಸ್ಕೋ. ಉಸಿರು ಕಟ್ಟಿದ್ರೆ ತಡ ಮಾಡ್ಬೇಡ, ಆಸ್ಪತ್ರೆಗೆ ಹೋಗು."

"ಯಾವಾಗ ಗೊತ್ತಾಯ್ತು?"

"ಬೆಳಿಗ್ಗೆ."

ಫೋನು ಕಟ್ಟಾಯಿತು.

ಆಮೇಲಿನ ದಿನಗಳು ಸರಿಯಲೊಲ್ಲವು. ಮೈಕಮ್ಮನಿಗೆ ಜ್ವರ ಬಂತು, ಮೈಕೈ ಹಿಂಡಿತು, ಬಿಟ್ಟೂ ಹೋಯಿತು. ಅದು ಅವಳಿಗೆ ಲೆಕ್ಕಕ್ಕೇ ಇರಲಿಲ್ಲ. ಎಷ್ಟು ಸಲ ಹಚ್ಚಿದರೂ ಅಕ್ಕ ಫೋನೆತ್ತಲಿಲ್ಲ. ಸುದ್ದಿಯೆಲ್ಲ ಗಂಡನ ಬಾಯಿಂದ: ಅಕ್ಕ ಮನೆಯಲ್ಲೇ ಇದ್ದಾಳೆ, ಪರೀಕ್ಷೆ ಮಾಡಿಸಿದಳು, ಇಲ್ಲ ಎಂದು ಬಂತು, ಮತ್ತೊಮ್ಮೆ ಮಾಡಿಸಿದಳು, ಆಗಲೂ ಇಲ್ಲ. "ನನ್ನ ಬಗ್ಗೆ ಏನಾದ್ರೂ ಕೇಳಿದ್ಲಾ?" ಎಂದರೆ, "ಎದ್ದು ಓಡಾಡ್ತಾಳಾ ಅಂದ್ರು. ನಿಂತ ಕಡೆ ನಿಲ್ತಿಲ್ಲ ಅಂದೆ," ಎಂದ. ಸೂಜಿಯ ಮಾತು ಎತ್ತಿದಳಾ ಎಂದು ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಕೆಲಸಕ್ಕೆ ಮರಳಿದ ದಿನ ಲಗೇಜು ಕೋಣೆಯ ಕಿಟಕಿ ಮುಚ್ಚಿತ್ತು. ಮೇಲೆ ಬಂದು ಮೈಕು ಹಚ್ಚಿದರೆ ಧ್ವನಿ ಒಡಕು ಮಡಕೆಯ ಹಾಗೆ ಬಂತು. ಆದರೂ ಕೆಳಗೆ ಹೊರಟು ನಿಂತ ಚಾಲಕನೊಬ್ಬ ಖುಷಿಯಿಂದ ಹಾರನ್ ಬಾರಿಸಿದ. ಅವಳ ಕಣ್ಣು ಮಾತ್ರ ಆ ಮುಚ್ಚಿದ ಕಿಟಕಿಯನ್ನೇ ನೋಡುತ್ತಿತ್ತು.

ಸ್ವಲ್ಪ ಹೊತ್ತಿಗೆ ಮೆಟ್ಟಿಲಲ್ಲಿ ಸಿಳ್ಳೆ ಕೇಳಿಸಿತು. ಎರಡು ಮಹಡಿ ಹತ್ತಿ ಎಂದೂ ಬರದಿದ್ದ ಅಕ್ಕ, ಮಾಸ್ಕಿನೊಳಗೆ ಏದುಸಿರು ಬಿಡುತ್ತ ಬಾಗಿಲಿಗೆ ಒರಗಿ ನಿಂತಳು. ಮಾತಾಡುವಷ್ಟು ಉಸಿರಿರಲಿಲ್ಲ. ರವಿಕೆಯ ತೋಳು ಸರಿಸಿ ತೋರಿಸಿದಳು. ಹತ್ತಿಯ ತುಣುಕೊಂದು ಅಂಟಿಕೊಂಡಿತ್ತು.

"ಈಗ ತಾನೇ ಹಾಕಿಸ್ಕೊಂಡು ಬಂದೆ. ಒಬ್ಬಳೇ."

"ಯಾಕಕ್ಕ? ನಂಗೆ ಬಂತಲ್ಲ!"

"ಅದಕ್ಕೇ. ಹತ್ತಿರಾನೂ ಸುಳಿಯಲ್ಲ ಅಂತಿದ್ಯಲ್ಲ, ಒಂದು ದಿನಾನೂ ನಂಬಿರ್ಲಿಲ್ಲ ನಾನು. ಬ್ಯಾಗಲ್ಲಿ ಏನೂ ಇಲ್ಲ ಅನ್ನೋರನ್ನ ದಿನಾ ನೋಡ್ತೀನಿ. ಬಂತು ಅಂತ ನಿನ್ನ ಬಾಯಲ್ಲೇ ಹೇಳ್ದೆ, ಆದ್ರೂ ನೀನು ಎದ್ದು ಓಡಾಡ್ತಿದ್ದೆ. ಅದನ್ನ ನಾನು ನಂಬ್ದೆ."

"ಮತ್ತೆ ಫೋನ್ ಯಾಕೆ ಎತ್ತಲಿಲ್ಲ?"

"ಬೆಳಿಗ್ಗೆ ಗೊತ್ತಿದ್ದಿದ್ದನ್ನ ಸಂಜೆ ಹೇಳ್ದೆ. ಆ ಸಿಟ್ಟು ಬೇರೆ. ಅದು ಇನ್ನೂ ಇಳಿದಿಲ್ಲ."

ಮೈಕಮ್ಮ ತಲೆ ತಗ್ಗಿಸಿದಳು. ಅಕ್ಕ ತೋಳು ಸವರಿಕೊಂಡಳು. ಅವಳ ಕಣ್ಣಲ್ಲಿ ಈಗ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು.

"ಲೇ, ರಾತ್ರಿ ಜ್ವರ ಬರುತ್ತೇನೇ?"

ಏನೂ ಆಗಲ್ಲ ಎನ್ನುವುದು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೈಕಮ್ಮ ತಡೆದುಕೊಂಡಳು.

"ಬರಬಹುದು ಅಕ್ಕ. ಬಂದ್ರೆ ನಾನು ನಿನ್ನ ಪಕ್ಕದಲ್ಲೇ ಇರ್ತೀನಿ."

"ಹಾಗೆ ಹೇಳು," ಎಂದ ಅಕ್ಕ, ಇದ್ದ ಒಂದೇ ಕುರ್ಚಿಯತ್ತ ಬಂದಳು. "ಸ್ವಲ್ಪ ಆ ಕಡೆ ಸರಿ. ಕಾಲು ಬಿದ್ದುಹೋಗ್ತಿದೆ ನಂಗೆ."