ನಾಲ್ಕನೇ ಮಹಡಿಯ ದೂರದರ್ಶಕ

ಹತ್ತು ಕಿಲೋ ಅಕ್ಕಿಚೀಲವನ್ನು ಹೆಗಲಿಗೇರಿಸಿಕೊಂಡು ಕಿನುಯೊ ಹಿರೋಸೆ ನಾಲ್ಕನೇ ಮಹಡಿಗೆ ಹತ್ತುತ್ತಾರೆ. ನಡುವೆ ಎಲ್ಲೂ ನಿಲ್ಲುವುದಿಲ್ಲ. ಒಸಾಕಾ ಹೊರವಲಯದ ಈ ಹಳೆಯ ವಸತಿ ಕಟ್ಟಡಗಳಿಗೆ ಲಿಫ್ಟ್ ಇಲ್ಲ. ಶಾಲೆಯ ಅಡುಗೆಮನೆಯಲ್ಲಿ ದಿನವಿಡೀ ಹಂಡೆ ಎತ್ತಿಳಿಸುವ ಅರವತ್ತೊಂದರ ಹೆಂಗಸಿಗೆ ಅದೇನೂ ಹೆಚ್ಚಲ್ಲ.

ಈ ಸಲ ಶರತ್ಕಾಲದಲ್ಲಿ ಎಲೆ ಕೆಂಪಾಗುವ ಹೊತ್ತಿಗೆ ಅವರು ಮೊದಲ ದೂರದರ್ಶಕ ಕೊಳ್ಳಲು ನಿರ್ಧರಿಸಿದರು. ಶನಿಗ್ರಹದ ಬಳೆಯನ್ನು ಸ್ವಂತ ಕಣ್ಣಲ್ಲಿ ನೋಡಬೇಕು. ತೊಡಕಿದ್ದದ್ದು ಬಾಲ್ಕನಿಯಲ್ಲಿ. ಅದರ ಎದುರಿಗೇ ಇನ್ನೊಂದು ಕಟ್ಟಡದ ಕಿಟಕಿಗಳ ಸಾಲು.

ಅಲ್ಲಿ ವಾಸಿಸುವ ಗೆಳತಿ ತೋಕಿ ನಗುಮೊ ಸುದ್ದಿ ಕೇಳಿ ಕೆಣಕಿದರು: "ಏನ್ರೀ, ನಾನು ಸಾರಿಗೆ ಏನ್ ಹಾಕ್ತೀನಿ ಅಂತ ನೋಡೋಕಾ?"

"ಅದಕ್ಕೆ ಟೆಲಿಸ್ಕೋಪ್ ಯಾಕ್ರೀ? ವಾಸನೆನೇ ಹೇಳುತ್ತೆ."

ನಕ್ಕರೂ ಕಿನುಯೊಗೆ ವಿಷಯ ಅರ್ಥವಾಯಿತು. ಬಾಲ್ಕನಿಯಲ್ಲಿ ಕೊಳವೆ ನಿಲ್ಲಿಸಿದರೆ ಎದುರಿನವರೆಲ್ಲ ಪರದೆ ಎಳೆಯುತ್ತಾರೆ. ಹಾಗಾಗಿ ಪ್ರತಿ ಸಲ ಕೆಳಗಿನ ಆಟದ ಬಯಲಿಗೇ ಒಯ್ಯಬೇಕು. ಹೊರಲಾಗದ್ದನ್ನು ಕೊಂಡರೆ ಅದು ಮೂಲೆಯಲ್ಲಿ ನಿಂತು ಬಟ್ಟೆ ನೇತುಹಾಕಲಷ್ಟೇ ಉಪಯೋಗಕ್ಕೆ ಬರುತ್ತದೆ.

ದೂರದರ್ಶಕದ ಅಂಗಡಿಯ ಹಿರಿಯ ಮಾರಾಟಗಾರ ಸಕಾಮಾಕಿ ಇಪ್ಪತ್ತು ಸೆಂಟಿಮೀಟರ್ ಕನ್ನಡಿಯದೊಂದನ್ನು ತೋರಿಸಿದರು. "ಅಮ್ಮಾ, ಕನ್ನಡಿ ದೊಡ್ಡದಾದಷ್ಟೂ ಬೆಳಕು ಜಾಸ್ತಿ. ಇದ್ರಲ್ಲಿ ನೋಡಿದ್ಮೇಲೆ ಚಿಕ್ಕದು ಹಿಡಿಸಲ್ಲ."

"ಇದನ್ನ ಎತ್ಕೊಂಡು ನಿಮ್ಮ ಅಂಗಡಿ ಮೆಟ್ಲು ಹತ್ತಿ ನೋಡ್ಲಾ?" ಎಂದರು ಕಿನುಯೊ.

"ಬಿದ್ರೆ?"

"ನಾನೇ ಕೊಂಡ್ಕೋತೀನಿ, ಬಿಡಿ."

ಭಾರ ಅವರನ್ನು ತಡೆಯಲಿಲ್ಲ. ಆದರೆ ದಪ್ಪ ಕೊಳವೆಯನ್ನು ತಬ್ಬಿಕೊಂಡಾಗ ಕಾಲ ಕೆಳಗಿನ ಮೆಟ್ಟಿಲೇ ಕಾಣಲಿಲ್ಲ. ಅರ್ಧದಲ್ಲೇ ಇಳಿದು ಬಂದರು. ಬಳಿಕ ಎಂಟು ಸೆಂಟಿಮೀಟರ್ ಮಸೂರದ್ದನ್ನು ಮುಕ್ಕಾಲಿ ಸಮೇತ ಹೆಗಲಿಗೆ ಹಾಕಿ, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು, ಮೇಲಿನ ಮಹಡಿ ಮುಟ್ಟಿ ಬಂದರು.

"ಬಳೆ ಕಾಣುತ್ತೆ, ಸಣ್ಣದಾಗಿ," ಎಂದರು ಸಕಾಮಾಕಿ. "ದೂರದ ಮಸುಕು ಮಸುಕಾದವೆಲ್ಲ ಇದ್ರಲ್ಲಿ ಸಿಗಲ್ಲ. ಆಮೇಲೆ ನನ್ನ ಬೈಕೋಬೇಡಿ."

"ಬೈಯೋದಾದ್ರೆ ನನ್ನೇ ಬೈಕೋತೀನಿ. ಇದನ್ನೇ ಕಟ್ಟಿಕೊಡಿ."

ಶನಿವಾರ ಕತ್ತಲಾಗುತ್ತಲೇ ಅವರು ಅದನ್ನು ಬಯಲಿಗಿಳಿಸಿದರು. ಶನಿ ಸಿಕ್ಕಿತು. ಅವರೆಕಾಳಿಗಿಂತ ಚಿಕ್ಕದು, ಸುತ್ತ ಸ್ಪಷ್ಟವಾದ ಬಳೆ. ಕಿನುಯೊ ತೋಕಿಯ ಕಿಟಕಿಯ ಕಡೆ ತಿರುಗಿ ಕೈಬೀಸಿ ಕರೆದರು.

ತೋಕಿ ಬಂದು ಕಣ್ಣಿಟ್ಟರು. "ಅಯ್ಯೋ, ನಿಜವಾಗ್ಲೂ ಬಳೆ ಇದೆ ಕಣ್ರೀ! ಒಳಗೆ ಸ್ಟಿಕ್ಕರ್ ಅಂಟಿಸಿಲ್ಲ ತಾನೆ?" ಮತ್ತೆ ನೋಡಿದರು. ಆಮೇಲೆ ಬಯಲಿನ ದೀಪದ ಮೇಲೆ ಸಿಟ್ಟಾದರು. "ಕಣ್ಣಿಗೇ ಹೊಡೀತಿದೆ ಹಾಳಾದ್ದು. ನಿವಾಸಿಗಳ ಸಂಘದಲ್ಲಿ ನಾನೇ ಕೇಳ್ತೀನಿ."

ಕೇಳಿದರು. ಬರುವ ತಿಂಗಳಿಂದ ಶನಿವಾರ ರಾತ್ರಿ ಎಂಟರವರೆಗೆ ಆ ದೀಪ ಹಚ್ಚುವುದಿಲ್ಲ.