ಕವುಚಿ ಹಾಕಿದ ದೋಣಿ

ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನಲ್ಲಿದ್ದ ಮುದುಕರನ್ನು ನೆನೆದರೆ ಇವತ್ತಿಗೂ ಕೈ ಮುಗಿಯಬೇಕೆನಿಸುತ್ತದೆ. ಫ್ರಾನ್ಸಿನ ಬ್ರಿಟ್ಟನಿ ಕರಾವಳಿಯವರು. ಮನೆಯೊಳಗೂ ತಲೆಯ ಮೇಲೆ ಟೋಪಿ. ಅದನ್ನು ತೆಗೆಯುವುದು ಇಗರ್ಜಿಯಲ್ಲಿ, ದೇವರ ಮುಂದೆ ಮಾತ್ರ ಎನ್ನುತ್ತಿದ್ದರು. ಬ್ಯಾಂಕಿಗೆ ಹೋಗಲಿ, ತರಕಾರಿ ಅಂಗಡಿಗೆ ಹೋಗಲಿ, ಮೊದಲು ನೋಡುವುದು ಚಾವಣಿಯನ್ನು. ಜೊತೆಯಲ್ಲಿದ್ದರೆ ನನ್ನನ್ನೂ ಮೊಣಕೈಯಿಂದ ತಿವಿದು, ಅರ್ಧ ಸ್ವಾಹಿಲಿಯಲ್ಲಿ, "ತಜಾಮ ಜೂ, ಮೇಲೆ ನೋಡಿ!" ಎನ್ನುವರು.

ಒಂದು ಭಾನುವಾರ ಚಹಾಕ್ಕೆ ಕರೆದು, ತಮ್ಮ ಹಳ್ಳಿಯ ಪುಟ್ಟ ಇಗರ್ಜಿಯ ಫೋಟೋಗಳನ್ನು ಒಂದೊಂದಾಗಿ ಕೊಟ್ಟರು. ಒರಟು ಕಲ್ಲಿನ ದಪ್ಪ ಗೋಡೆಗಳು, ಗೇಣಗಲದ ಕಿಟಕಿ. ಕೊನೆಯ ಫೋಟೋ ತಲೆಕೆಳಗಾಗಿ ನನ್ನ ಕೈಗೆ ಬಂತು. ಬಾಗಿದ ಹಲಗೆಗಳು, ಪಕ್ಕೆಲುಬಿನಂಥ ಮರದ ತೊಲೆಗಳು.

"ಓ, ದೋಣಿ! ಇನ್ನೂ ಕಟ್ಟಿ ಮುಗಿದಿಲ್ಲ" ಎಂದುಬಿಟ್ಟೆ.

ಅವರು ಫೋಟೋವನ್ನು ಮೆಲ್ಲಗೆ ತಿರುಗಿಸಿದರು. ಅದು ಇಗರ್ಜಿಯ ಒಳಚಾವಣಿ.

"ನಮ್ಮೂರಿನ ಬಡಗಿಗಳಿಗೆ ಗೊತ್ತಿದ್ದದ್ದು ದೋಣಿ ಒಂದೇ. ದೇವರಿಗೆ ಸೂರು ಕಟ್ಟಿ ಅಂದಾಗ ಅದನ್ನೇ ಕಟ್ಟಿ ಕವುಚಿ ಹಾಕಿದರು. ನಾನು ಹೇಳದೆ ಕಂಡುಹಿಡಿದವರು ನೀವೊಬ್ಬರೇ. ಹೇಗೆ ಗೊತ್ತಾಯ್ತು?"

ಆಗ ನಾನು ಇಂಡಸ್ಟ್ರಿಯಲ್ ಏರಿಯಾದ ಕಾರ್ಖಾನೆಯೊಂದರಲ್ಲಿ ಮ್ಯಾನೇಜರ್. ಅಪ್ಪನದು ಬಿಸಿನೆಸ್ ಎಂದು ನೈರೋಬಿಯ ನಮ್ಮವರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವತ್ತು ಆ ಸುಳ್ಳು ಬಾಯಿಗೆ ಬರಲಿಲ್ಲ.

"ನಮ್ಮಪ್ಪ ಗಂಗೊಳ್ಳಿಯಲ್ಲಿ ದೋಣಿ ಕಟ್ಟುವ ಆಚಾರಿ."

ಮುದುಕರು ಮೇಜು ಹಿಡಿದು ನಿಧಾನವಾಗಿ ಎದ್ದು ನಿಂತು, ಟೋಪಿ ತೆಗೆದರು.